ಬದಲಾಗಬೇಕೆಂದು ಗೊತ್ತಿದ್ದೂ ಮನಸ್ಸು ಏಳದಿದ್ದಾಗ ನೀವೇನು ಮಾಡಿದಿರಿ?

ಪ್ರಶ್ನೆ

ನನಗೆ ಈಗ 38 ವರ್ಷ. ಹದಿನಾಲ್ಕು ವರ್ಷಗಳಿಂದ ಒಂದೇ ವಿಮಾ ಕಚೇರಿಯಲ್ಲಿ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ಮಾಡುತ್ತಿದ್ದೇನೆ. ಹೇಳಿಕೊಳ್ಳುವಂಥ ಕಷ್ಟ ಯಾವುದೂ ಇಲ್ಲ. ಸಂಬಳ ತಿಂಗಳು ತಿಂಗಳು ಸರಿಯಾಗಿ ಬರುತ್ತದೆ, ಮನೆಯವರು ಒಳ್ಳೆಯವರು. ಆದರೂ ಬೆಳಿಗ್ಗೆ ಎದ್ದಾಗ ಈ ದಿನ ನನ್ನದು ಎನ್ನಿಸಿ ಎಷ್ಟು ವರ್ಷಗಳಾದವೋ ನೆನಪಿಲ್ಲ. ಸಂಜೆ ಮನೆಗೆ ಬಂದವನು ಬಟ್ಟೆಯನ್ನೂ ಬದಲಿಸದೆ ಸೋಫಾದ ಮೇಲೆ ಕುಳಿತು ಎರಡು ಗಂಟೆ ಫೋನ್ ನೋಡುತ್ತೇನೆ, ಆಮೇಲೆ ಆ ಎರಡು ಗಂಟೆಗಾಗಿ ನನ್ನನ್ನೇ ಬೈದುಕೊಳ್ಳುತ್ತೇನೆ. ಬದಲಾಗಬೇಕೆಂದು ನಿರ್ಧರಿಸಿದ್ದಕ್ಕೆ ಲೆಕ್ಕವಿಲ್ಲ. ಒಂದು ಸಲ ಭಾಷಾ ತರಗತಿಗೆ ಸೇರಿದೆ, ಒಂದು ಸಲ ಬೆಳಗಿನ ಓಟ, ಇನ್ನೊಂದು ಸಲ ದಿನಚರಿ ಬರೆಯುವುದು. ಯಾವುದೂ ಹತ್ತು ದಿನ ದಾಟಲಿಲ್ಲ. ಮೊದಲ ನಾಲ್ಕು ಪುಟ ಮಾತ್ರ ತುಂಬಿರುವ ಮೂರು ದಿನಚರಿ ಪುಸ್ತಕಗಳು ನನ್ನ ಕಪಾಟಿನಲ್ಲಿವೆ.

ಇಂಥ ಸ್ಥಿತಿಯಿಂದ ಹೊರಬಂದವರು ಬದಲಾಗುವ ಉತ್ಸಾಹವನ್ನು ಎಲ್ಲಿಂದ ತಂದಿರಿ ಎಂದು ತಿಳಿಸಬೇಕಾಗಿ ಕೋರುತ್ತೇನೆ. ಉಪದೇಶ ಬೇಡ. ನೀವು ಏನು ಮಾಡಿದಿರಿ, ಅದರಲ್ಲಿ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬುದನ್ನು ಬರೆದರೆ ಸಾಕು.

ಉತ್ತರ 1

ನೀವು ಪ್ರಶ್ನೆ ಕೇಳಿರುವ ರೀತಿಯಲ್ಲೇ ಒಂದು ತೊಡಕು ಇದೆಯೆಂದು ನನಗೆ ತೋರುತ್ತದೆ. ಮೊದಲು ಉತ್ಸಾಹ ಬರಬೇಕು, ಅದು ಬಂದ ಮೇಲೆ ಕೆಲಸ ಶುರುವಾಗಬೇಕು ಎಂಬ ಲೆಕ್ಕ ಅದರೊಳಗೆ ಕುಳಿತಿದೆ. ಇದೇ ಲೆಕ್ಕವನ್ನು ನಂಬಿಕೊಂಡು ನಾನು ಆರು ವರ್ಷ ಕೈಕಟ್ಟಿ ಕುಳಿತಿದ್ದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮರಗೆಲಸ ನನ್ನ ಹಳೆಯ ಆಸೆ. ಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಅದಕ್ಕೆಂದೇ ಒಂದು ಗಟ್ಟಿ ಮೇಜು ಹಾಕಿಸಿದ್ದೆ. ವರ್ಷಗಳು ಉರುಳಿದಂತೆ ಅದರ ಮೇಲೆ ಇಸ್ತ್ರಿಯಾಗಬೇಕಾದ ಬಟ್ಟೆ, ಕೆಟ್ಟುಹೋದ ಫ್ಯಾನು, ಹಳೆಯ ಕಾಗದಪತ್ರಗಳ ಪೆಟ್ಟಿಗೆ ಎಲ್ಲವೂ ಏರಿ ಕುಳಿತು, ಕೆಳಗೊಂದು ಮೇಜಿದೆ ಎಂಬುದೇ ಮನೆಯವರಿಗೆ ಮರೆತುಹೋಗಿತ್ತು. ಕಚೇರಿಯಿಂದ ಬಂದವನು ಪ್ರತಿದಿನ ಆ ಕೋಣೆಯ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದೆ, 'ಮನಸ್ಸು ಬಂದ ದಿನ ಶುರು ಮಾಡೋಣ' ಎಂದುಕೊಳ್ಳುತ್ತಿದ್ದೆ. ಮನಸ್ಸು ಬರಲಿಲ್ಲ. ಕೊನೆಗೆ ನಿದ್ರೆಯೂ ಕೆಟ್ಟು, ಮನೆಯಲ್ಲಿ ಮಾತು ಕಡಿಮೆಯಾಗಿ, ಹೆಂಡತಿಯ ಒತ್ತಾಯಕ್ಕೆ ಆಪ್ತಸಮಾಲೋಚಕರೊಬ್ಬರ ಬಳಿ ಹೋದೆ.

ಅವರು ನನ್ನ ಬಾಲ್ಯವನ್ನು ಕೆದಕುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ: 'ಆ ಮೇಜಿನ ಅರ್ಧ ಭಾಗ ಖಾಲಿ ಮಾಡಲು ಎಷ್ಟು ಹೊತ್ತು ಬೇಕು?' ಹತ್ತು ನಿಮಿಷ ಎಂದೆ. 'ಹಾಗಾದರೆ ಮಂಗಳವಾರ ಸಂಜೆ ಆರೂವರೆಗೆ ಅಷ್ಟನ್ನು ಮಾಡಿ, ಮರವನ್ನು ಮುಟ್ಟಬೇಡಿ, ಮನಸ್ಸು ಇಲ್ಲದಿದ್ದರೆ ಮನಸ್ಸಿಲ್ಲದೆಯೇ ಮಾಡಿ' ಎಂದರು. ಇಷ್ಟು ಹೇಳುವುದಕ್ಕೆ ಒಬ್ಬ ತಜ್ಞರು ಬೇಕೇ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡು ಬಂದೆ. ಮಂಗಳವಾರ ಅರ್ಧ ಮೇಜು ಖಾಲಿಯಾಯಿತು. ಉತ್ಸಾಹವೇನೂ ಹುಟ್ಟಲಿಲ್ಲ, ಧೂಳಿಗೆ ಸೀನು ಬಂತು, ಅಷ್ಟೆ. ಗುರುವಾರದ ಕೆಲಸ ಒಂದು ಉಳಿಯನ್ನು ಸಾಣೆ ಹಿಡಿಯುವುದಾಗಿತ್ತು. ತುಕ್ಕು ಹಿಡಿದಿದ್ದ ಅದರ ಬಾಯಿಯನ್ನು ಕಲ್ಲಿನ ಮೇಲೆ ನೀರು ಹನಿಸಿಕೊಂಡು ಉಜ್ಜುತ್ತಿದ್ದಾಗ, ಬೂದುಬಣ್ಣದ ಕೆಸರಿನ ನಡುವೆ ಕೂದಲೆಳೆಯಷ್ಟು ಬೆಳ್ಳಗಿನ ಗೆರೆಯೊಂದು ಕಾಣಿಸಿತು. ಆ ಗೆರೆ ಅಂಚಿನುದ್ದಕ್ಕೂ ಹರಡಲಿ ಎಂದು ಕಾಯುತ್ತಾ ಉಜ್ಜುತ್ತಲೇ ಇದ್ದೆ. ಗಡಿಯಾರ ನೋಡಿದಾಗ ಐವತ್ತು ನಿಮಿಷ ಕಳೆದಿತ್ತು. ಆರು ವರ್ಷ ಕಾದರೂ ಬಾರದಿದ್ದ ಮನಸ್ಸು ಉಜ್ಜಲು ಶುರು ಮಾಡಿ ಸುಮಾರು ಕಾಲು ಗಂಟೆಯಾದ ಮೇಲೆ ಬಂದಿತ್ತು.

ಈ ವಿಧಾನಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಎಂಬ ಹೆಸರಿದೆಯೆಂದು ಆಮೇಲೆ ತಿಳಿಯಿತು. 1970ರ ದಶಕದಲ್ಲಿ ಪೀಟರ್ ಲೆವಿನ್ಸನ್ ಎಂಬ ಮನೋವಿಜ್ಞಾನಿ ಇದಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರು. ಮನುಷ್ಯ ಕುಗ್ಗಿದಾಗ ಚಟುವಟಿಕೆಗಳನ್ನು ಒಂದೊಂದಾಗಿ ಬಿಡುತ್ತಾನೆ, ಬಿಟ್ಟಂತೆಲ್ಲ ಅವುಗಳಿಂದ ಸಿಗುತ್ತಿದ್ದ ಸಣ್ಣ ಸಣ್ಣ ಸಂತೋಷಗಳು ನಿಲ್ಲುತ್ತವೆ, ಅವು ನಿಂತದ್ದರಿಂದ ಇನ್ನಷ್ಟು ಕುಗ್ಗುತ್ತಾನೆ ಎಂಬುದು ಅವರ ವಾದದ ತಿರುಳು. 1996ರಲ್ಲಿ ನೀಲ್ ಜೇಕಬ್‌ಸನ್ ಮತ್ತು ಅವರ ಸಂಗಡಿಗರು ಖಿನ್ನತೆಗೆ ಕೊಡುವ ಚಿಕಿತ್ಸೆಯನ್ನು ಬಿಡಿಬಿಡಿಯಾಗಿಸಿ ಪರೀಕ್ಷಿಸಿದಾಗ, ಆಲೋಚನೆಗಳನ್ನು ತಿದ್ದುವ ಭಾಗವಿಲ್ಲದೆ ಚಟುವಟಿಕೆಯ ಭಾಗವನ್ನಷ್ಟೇ ಪಡೆದವರೂ ಪೂರ್ಣ ಚಿಕಿತ್ಸೆ ಪಡೆದವರಷ್ಟೇ ಚೇತರಿಸಿಕೊಂಡಿದ್ದು ಕಂಡುಬಂತು. ನೀವು ಖಿನ್ನತೆಯಲ್ಲಿದ್ದೀರಿ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಸೋಫಾದ ಎರಡು ಗಂಟೆಯ ಸುಳಿ ಇದೇ ಜಾತಿಯದು.

ಏನು ಕೆಲಸ ಮಾಡಲಿಲ್ಲ ಎಂದೂ ಕೇಳಿದ್ದೀರಿ. ಒಂದೇ ವಾರದಲ್ಲಿ ಒಂದು ಕಪಾಟು ಮಾಡಿ ಮುಗಿಸುತ್ತೇನೆ ಎಂದು ಹೊರಟದ್ದು ಕೆಲಸ ಮಾಡಲಿಲ್ಲ. ಅದರ ಹಲಗೆಗಳು ಇನ್ನೂ ಗೋಡೆಗೆ ಒರಗಿಕೊಂಡಿವೆ.

ಉತ್ತರ 2

ಒಂದು ಚಿಕ್ಕ ಮಾತನ್ನು, ಎಲ್ಲದಕ್ಕಿಂತ ಮೊದಲು ಹೇಳಬೇಕಾದದ್ದೆಂದು, ಸೇರಿಸುತ್ತೇನೆ. ನಾನು ಎರಡು ವರ್ಷ ನನ್ನನ್ನು ಸೋಮಾರಿ ಎಂದು ಕರೆದುಕೊಂಡೆ. ಮನೆಯವರೂ ಹಾಗೆಯೇ ಕರೆದರು. ಬೆಳಿಗ್ಗೆ ಎದ್ದಾಗಲೇ ದಣಿವು, ಓದಿದ ಸಾಲನ್ನು ಮತ್ತೆ ಓದಬೇಕಾಗುತ್ತಿತ್ತು, ಬಾಚಣಿಗೆಯಲ್ಲಿ ಕೂದಲು ಬರುತ್ತಿತ್ತು, ಎಲ್ಲರಿಗೂ ಸೆಕೆಯಾಗುವಾಗ ನನಗೆ ಚಳಿಯಾಗುತ್ತಿತ್ತು. ಬದುಕಿಗೆ ಅರ್ಥವಿಲ್ಲದ್ದರಿಂದ ಹೀಗಾಗುತ್ತಿದೆ ಎಂದು ನಾನು ದೊಡ್ಡ ದೊಡ್ಡ ಕಾರಣಗಳನ್ನು ಹುಡುಕುತ್ತಿದ್ದೆ. ಬೇರೇನಕ್ಕೋ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಗ್ರಂಥಿ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎಂದು ಗೊತ್ತಾಯಿತು. ಮಾತ್ರೆ ಶುರುವಾಗಿ ಕೆಲವು ತಿಂಗಳಿಗೆ 'ಅರ್ಥವಿಲ್ಲದ ಬದುಕು' ಮುಕ್ಕಾಲು ಪಾಲು ಮಾಯವಾಗಿತ್ತು. ಆ ಎರಡು ವರ್ಷ ನನಗೆ ನಾನೇ ಕೊಟ್ಟುಕೊಂಡ ಬೈಗುಳಗಳನ್ನು ಯಾರು ಹಿಂದಕ್ಕೆ ತೆಗೆದುಕೊಳ್ಳುತ್ತಾರೋ ಗೊತ್ತಿಲ್ಲ.

ರಕ್ತಹೀನತೆ, ಬಿ12 ಜೀವಸತ್ವದ ಕೊರತೆ, ನಿದ್ರೆಯಲ್ಲಿ ಉಸಿರು ಕಟ್ಟಿ ಕಟ್ಟಿ ಬಿಡುವ ಸ್ಲೀಪ್ ಅಪ್ನಿಯ ಇವೆಲ್ಲವೂ ಹೊರಗಿನಿಂದ ನೋಡಿದವರಿಗೆ ನಿರುತ್ಸಾಹದಂತೆಯೇ ಕಾಣುತ್ತವೆ. ಹಾಗೆಯೇ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ಇಷ್ಟವಾಗದೆ, ಹೆಚ್ಚುಕಡಿಮೆ ದಿನವಿಡೀ, ಎರಡು ವಾರಕ್ಕಿಂತ ಹೆಚ್ಚು ಕಾಲ ಅದೇ ಸ್ಥಿತಿಯಿದ್ದರೆ ವೈದ್ಯರು ಅದನ್ನು ಖಿನ್ನತೆಯ ಸೂಚನೆಯಾಗಿ ನೋಡುತ್ತಾರೆ. ನಾನು ಬಳಸಿದ ಒರಟು ಅಳತೆಗೋಲು ಇದು: ಕೆಲಸದ ದಿನ ಬೇಸರವಾಗಿದ್ದು ರಜೆಯ ದಿನ ಜೀವ ಬರುವುದಾದರೆ ತೊಂದರೆ ಬಹುಶಃ ಕೆಲಸದಲ್ಲಿದೆ, ರಜೆಯೂ ಸಪ್ಪೆಯಾಗಿದ್ದರೆ ಮೊದಲು ವೈದ್ಯರನ್ನು ಕಾಣಬೇಕು. 'ಇರುವುದೇ ಬೇಡ' ಎಂಬ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ ಈ ಉಳಿದ ಉತ್ತರಗಳನ್ನೆಲ್ಲ ಪಕ್ಕಕ್ಕಿಟ್ಟು ಇಂದೇ ಯಾರಿಗಾದರೂ ಬಾಯಿಬಿಟ್ಟು ಹೇಳಿ.

ಉತ್ತರ 3

ನಾನು ನಿಮ್ಮಂತೆಯೇ ಇದ್ದೆ, ಮತ್ತು ಎಲ್ಲರೂ ಕನಸು ಕಾಣುವುದನ್ನು ಮಾಡಿಬಿಟ್ಟೆ. 41ನೆಯ ವಯಸ್ಸಿನಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಮನೆ ಖಾಲಿ ಮಾಡಿ, ಗುರುತು ಪರಿಚಯವಿಲ್ಲದ ಊರಿಗೆ ಹೋದೆ. ಹೊಸ ಕೆಲಸ ಹಳೆಯದಕ್ಕಿಂತ ಒಳ್ಳೆಯದೇ ಆಗಿತ್ತು. ಮೊದಲ ಮೂರು ತಿಂಗಳು ಗಾಳಿಯಲ್ಲಿ ತೇಲಿದಂತಿದ್ದೆ. ಏಳನೆಯ ತಿಂಗಳಲ್ಲಿ ಒಂದು ಸಂಜೆ, ಹೊಸ ಮನೆಯಲ್ಲಿ, ಹೊಸ ಕುರ್ಚಿಯಲ್ಲಿ, ಹಳೆಯ ಮನೆಯಲ್ಲಿ ಕುಳಿತಿರುತ್ತಿದ್ದ ಭಂಗಿಯಲ್ಲೇ ಫೋನ್ ಹಿಡಿದು ಕುಳಿತಿರುವುದು ನನಗೇ ಕಾಣಿಸಿತು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದರೂ ಬೆಟ್ಟ ಹತ್ತಿಯೇ ಕಲಿಯಬೇಕಾಯಿತು.

ಹೊಸತಿನ ಸಂತೋಷ ಬೇಗ ಮಾಮೂಲಾಗುವುದು ನನ್ನೊಬ್ಬನ ಪಾಡಲ್ಲ. 1978ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಲಾಟರಿಯಲ್ಲಿ ದೊಡ್ಡ ಮೊತ್ತ ಗೆದ್ದ 22 ಮಂದಿಯನ್ನು ಮಾತನಾಡಿಸಿದ್ದರು. ಗೆಲ್ಲದವರಿಗಿಂತ ಅವರು ಗಮನಾರ್ಹವಾಗಿ ಹೆಚ್ಚು ಸಂತೋಷವಾಗಿರಲಿಲ್ಲ, ದಿನನಿತ್ಯದ ಸಣ್ಣ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಖುಷಿಯಂತೂ ಕಡಿಮೆಯೇ ಆಗಿತ್ತು. ಇಪ್ಪತ್ತೆರಡು ಜನರಿಂದ ಜಗತ್ತಿನ ನಿಯಮವನ್ನು ಬರೆಯಲಾಗದು, ಒಪ್ಪುತ್ತೇನೆ. ಆದರೆ ಓದಿದಾಗ ನನ್ನ ಏಳನೆಯ ತಿಂಗಳು ನೆನಪಾಯಿತು.

ನಾನು ತಪ್ಪಿದ್ದು ಎಲ್ಲಿ ಎಂದರೆ, ಏನು ಖಾಲಿಯಾಗಿದೆ ಎಂದು ನೋಡದೆ ಎಲ್ಲವನ್ನೂ ಬದಲಿಸಿದ್ದು. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಇಬ್ಬರು ಮನೋವಿಜ್ಞಾನಿಗಳು ದಶಕಗಳ ಕಾಲ ಬೆಳೆಸಿದ ಸ್ವನಿರ್ಧಾರ ಸಿದ್ಧಾಂತದ ಪ್ರಕಾರ, ಮನುಷ್ಯನೊಳಗಿನ ಹುರುಪು ಮೂರು ಅಗತ್ಯಗಳ ಮೇಲೆ ನಿಂತಿದೆ: ಮಾಡುತ್ತಿರುವುದನ್ನು ನಾನೇ ಆರಿಸಿಕೊಂಡೆ ಎಂಬ ಭಾವ, ಇದರಲ್ಲಿ ನನ್ನ ಕೈ ಪಳಗುತ್ತಿದೆ ಎಂಬ ಭಾವ, ನಾನು ಯಾರಿಗೋ ಬೇಕಾದವನು ಎಂಬ ಭಾವ. ಇವುಗಳಲ್ಲಿ ಒಂದು ಬತ್ತಿಹೋದರೂ ಬದುಕು ಸಪ್ಪೆಯಾಗುತ್ತದೆ, ಆದರೆ ಯಾವುದು ಬತ್ತಿದೆ ಎಂಬುದು ಹೊರಗೆ ತೋರುವುದಿಲ್ಲ. ನಾನು ಒಂದು ವಾರ ಪ್ರತಿ ಗಂಟೆಯನ್ನೂ ಹಾಳೆಯಲ್ಲಿ ಬರೆದು, ಪ್ರತಿ ಗಂಟೆಯ ಎದುರು ಈ ಮೂರಕ್ಕೆ ಮೂರು ಚುಕ್ಕೆ ಹಾಕುವ ಅಭ್ಯಾಸ ಮಾಡಿದೆ; ಇದ್ದರೆ ಚುಕ್ಕೆ, ಇಲ್ಲದಿದ್ದರೆ ಖಾಲಿ. ವಾರದ ಕೊನೆಗೆ ಮೊದಲ ಎರಡು ಸಾಲುಗಳಲ್ಲಿ ಬೇಕಾದಷ್ಟು ಚುಕ್ಕೆಗಳಿದ್ದವು. ಮೂರನೆಯದರಲ್ಲಿ, ಇಡೀ ವಾರಕ್ಕೆ, ಎರಡು. ಅದರಲ್ಲೊಂದು ಅಕ್ಕನ ಫೋನ್ ಕರೆ. ನಾನು ಬಿಟ್ಟುಬಂದ ಕೆಲಸದಲ್ಲಿ ದೋಷವಿರಲಿಲ್ಲ, ನನ್ನ ಬದುಕಿನಲ್ಲಿ ಜನರೇ ಇರಲಿಲ್ಲ. ಅದು ಗೊತ್ತಾಗಿದ್ದರೆ ಊರು ಬಿಡಬೇಕಾಗಿಯೇ ಇರಲಿಲ್ಲ.

ಈಗ ವಾರಕ್ಕೆರಡು ಸಂಜೆ ದೃಷ್ಟಿದೋಷವಿರುವ ವಿದ್ಯಾರ್ಥಿಗಳಿಗೆ ಪಠ್ಯ ಓದಿ ಹೇಳುತ್ತೇನೆ. ಒಬ್ಬ ಹುಡುಗ ನಾನು ಅವಸರದಲ್ಲಿ ಓದಿದಾಗಲೆಲ್ಲ ಮೇಜನ್ನು ಎರಡು ಸಲ ಬೆರಳಿನಿಂದ ತಟ್ಟಿ, 'ಸರ್, ಆ ವಾಕ್ಯ ಇನ್ನೊಮ್ಮೆ' ಎನ್ನುತ್ತಾನೆ. ಆ ತಟ್ಟುವ ಸದ್ದಿಗಾಗಿ ನಾನು ಮಂಗಳವಾರವನ್ನು ಎದುರು ನೋಡುತ್ತೇನೆ ಎಂದರೆ ನಗಬೇಡಿ.

ಉತ್ತರ 4

ಮೇಲಿನ ಉತ್ತರವನ್ನು ಗೌರವದಿಂದಲೇ ಓದಿದೆ, ಆದರೆ ಅದನ್ನು ಓದಿದವರು 'ಹಾಗಾದರೆ ಇದ್ದಲ್ಲೇ ಇರುವುದು ಜಾಣತನ' ಎಂದುಕೊಂಡರೆ ನನಗೆ ಸಂಕಟವಾಗುತ್ತದೆ. ನಾನು ಹತ್ತೊಂಬತ್ತು ವರ್ಷ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಅದರಲ್ಲಿ ಕೊನೆಯ ಎಂಟು ವರ್ಷ, ಹೊರಡಬೇಕೆಂದು ಖಚಿತವಾಗಿ ಗೊತ್ತಿದ್ದೂ, ಯೋಚಿಸುವುದನ್ನೇ ಕೆಲಸ ಎಂದು ತಿಳಿದು ಕಳೆದುಹೋದವು. ಸಾಧಕ ಬಾಧಕಗಳ ಪಟ್ಟಿಯನ್ನು ನನ್ನಷ್ಟು ಚೆನ್ನಾಗಿ ಬರೆಯುವವರು ಇರಲಿಕ್ಕಿಲ್ಲ. ಪ್ರತಿ ವರ್ಷ ಒಂದು ಪಟ್ಟಿ, ಪ್ರತಿ ಪಟ್ಟಿಯ ಕೊನೆಯಲ್ಲಿ 'ಸದ್ಯಕ್ಕೆ ಬೇಡ'.

ಇರುವುದನ್ನೇ ಹಿಡಿದುಕೊಳ್ಳುವ ಈ ಒಲವನ್ನು ವಿಲಿಯಂ ಸ್ಯಾಮುಯೆಲ್‌ಸನ್ ಮತ್ತು ರಿಚರ್ಡ್ ಝೆಕ್‌ಹಾಸರ್ 1988ರಲ್ಲೇ ಪ್ರಯೋಗಗಳಿಂದ ತೋರಿಸಿದ್ದಾರೆ: ಒಂದೇ ಆಯ್ಕೆಯನ್ನು 'ಇದು ಈಗಾಗಲೇ ನಿಮ್ಮಲ್ಲಿರುವುದು' ಎಂದು ಹೇಳಿ ಮುಂದಿಟ್ಟರೆ ಹೆಚ್ಚು ಜನ ಅದನ್ನೇ ಆರಿಸುತ್ತಾರೆ. ನನ್ನ ಕಣ್ಣು ತೆರೆಸಿದ್ದು ಮಾತ್ರ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಅವರ ಅಧ್ಯಯನ. ಕೆಲಸ ಬಿಡಲೇ, ಸಂಬಂಧ ಮುರಿಯಲೇ ಎಂದು ಡೋಲಾಯಮಾನರಾಗಿದ್ದವರಿಗೆ ಅವರು ಒಂದು ಜಾಲತಾಣದಲ್ಲಿ ನಾಣ್ಯ ಚಿಮ್ಮಿಸಿ ಉತ್ತರ ಪಡೆಯುವ ಅವಕಾಶ ಕೊಟ್ಟರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ನಾಣ್ಯಗಳು ಹೀಗೆ ಚಿಮ್ಮಲ್ಪಟ್ಟವು. ದೊಡ್ಡ ನಿರ್ಧಾರಗಳ ವಿಷಯದಲ್ಲಿ, ನಾಣ್ಯದ ಮಾತು ಕೇಳಿ ಬದಲಾವಣೆ ಮಾಡಿಕೊಂಡವರು ಆರು ತಿಂಗಳ ನಂತರ ಇದ್ದಲ್ಲೇ ಇದ್ದವರಿಗಿಂತ ಹೆಚ್ಚು ಸಂತೋಷವಾಗಿದ್ದರು. 2021ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಭಾಗವಹಿಸಿದವರು ತಾವಾಗಿಯೇ ಬಂದವರು, ಆಗಲೇ ಹೊಸ್ತಿಲ ಮೇಲೆ ನಿಂತಿದ್ದವರು ಎಂಬುದನ್ನು ಮರೆಯಬಾರದು. ಆದರೆ ನಾನೂ ಹೊಸ್ತಿಲ ಮೇಲೆಯೇ ಎಂಟು ವರ್ಷ ನಿಂತಿದ್ದವಳು.

ಹಾಗೆಂದು ಮರುದಿನವೇ ರಾಜೀನಾಮೆ ಕೊಡಲಿಲ್ಲ. ಸಸಿಗಳನ್ನು ಬೆಳೆಸುವ ನರ್ಸರಿಯೊಂದರಲ್ಲಿ ಹನ್ನೊಂದು ತಿಂಗಳು ಪ್ರತಿ ರಜೆಯ ದಿನ ಸಂಬಳವಿಲ್ಲದೆ ದುಡಿದೆ. ಅಲ್ಲಿ ಗೊತ್ತಾದ ಸಂಗತಿಗಳು ಯಾವ ಪಟ್ಟಿಯಿಂದಲೂ ಗೊತ್ತಾಗುತ್ತಿರಲಿಲ್ಲ. ಗಿಡಗಳನ್ನು ಮಾರುವುದು, ಗಿರಾಕಿಗಳ ಜೊತೆ ಚೌಕಾಸಿ ಮಾಡುವುದು ನನಗೆ ಆಗದ ಕೆಲಸ. ಕಸಿ ಕಟ್ಟುವುದು ಬೇರೆ. ಓರೆಯಾಗಿ ಸೀಳಿದ ಎರಡು ಕಡ್ಡಿಗಳ ಹಸಿರು ಪದರಗಳು ಒಂದಕ್ಕೊಂದು ತಾಗುವಂತೆ ಹೊಂದಿಸಿ ಪಟ್ಟಿ ಸುತ್ತುವಾಗ ನನ್ನ ಉಸಿರು ತಾನಾಗಿ ನಿಧಾನವಾಗುತ್ತಿತ್ತು. ಮೊದಲ ನಲವತ್ತರಲ್ಲಿ ಒಂಬತ್ತು ಮಾತ್ರ ಚಿಗುರಿದವು, ನಾನು ಆ ಒಂಬತ್ತನ್ನು ವಾರವಿಡೀ ನೆನೆಯುತ್ತಿದ್ದೆ. ಎಂಟು ತಿಂಗಳ ಮನೆಖರ್ಚು ಕೈಯಲ್ಲಿ ಉಳಿತಾಯವಾದ ಮೇಲೆ ಕೆಲಸ ಬಿಟ್ಟೆ.

ವರಮಾನ ಈಗಲೂ ಮೊದಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಬೆನ್ನು ನೋಯುತ್ತದೆ. ಇದನ್ನು ಮುಚ್ಚಿಟ್ಟು ಬರೆದರೆ ನಿಮಗೆ ಮೋಸ ಮಾಡಿದಂತಾಗುತ್ತದೆ.

ಉತ್ತರ 5

ಬಿಟ್ಟುಹೋಗುವ ಸ್ವಾತಂತ್ರ್ಯವೇ ಇಲ್ಲದವರೂ ಇದ್ದಾರೆ. ನನ್ನ ತಾಯಿ ಹಾಸಿಗೆ ಹಿಡಿದು ಐದು ವರ್ಷಗಳಾದವು. ಮನೆಯಿಂದಲೇ ಮಾಡುವ ಒಂದು ಸಣ್ಣ ಉದ್ಯೋಗ, ಅವರ ಸ್ನಾನ, ಮಾತ್ರೆ, ಹೊರಳಿಸುವುದು, ಒಗೆಯುವುದು ಇವಿಷ್ಟರಲ್ಲಿ ನನ್ನ ದಿನ ಮುಗಿಯುತ್ತದೆ. ಇದನ್ನು ನಾನು ಬದಲಿಸಲಾರೆ, ಬದಲಿಸಲು ಇಷ್ಟವೂ ಇಲ್ಲ. ಆದರೂ ಎರಡನೆಯ ವರ್ಷದ ಹೊತ್ತಿಗೆ, ಅಮ್ಮನ ಮೇಲೆ ಪ್ರೀತಿಯಿದ್ದೂ, ನಾನು ಯಾರೂ ಅಲ್ಲದ ಯಾರೋ ಆಗಿಬಿಟ್ಟಿದ್ದೆ. ಆದ್ದರಿಂದ 'ಬದುಕು ಬದಲಿಸುವುದು' ಎಂಬ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ನನಗೆ ಬದಲಿಸಲು ಸಾಧ್ಯವಿದ್ದದ್ದು ದಿನದ ನಲವತ್ತು ನಿಮಿಷ.

ಆ ನಲವತ್ತು ನಿಮಿಷಕ್ಕೆ ನಾನು ಆರಿಸಿಕೊಂಡದ್ದು ಶಾಲೆಯಲ್ಲಿ ಹೆದರಿ ಬಿಟ್ಟಿದ್ದ ರೇಖಾಗಣಿತ. ಯಾಕೆಂದು ಕೇಳಬೇಡಿ. ಯಾರಿಗೂ ಉಪಯೋಗವಿಲ್ಲದ್ದು, ಯಾರೂ ನನ್ನಿಂದ ಕೇಳದ್ದು ಎಂಬುದೇ ಅದರ ಆಕರ್ಷಣೆಯಾಗಿತ್ತು ಎಂದು ಈಗ ಅನ್ನಿಸುತ್ತದೆ. ಮೊದಲ ಸಲ 'ದಿನಾ ಸ್ವಲ್ಪ ಓದುತ್ತೇನೆ' ಎಂದು ನಿರ್ಧರಿಸಿ, ನಿಮ್ಮಂತೆಯೇ, ಹತ್ತನೆಯ ದಿನಕ್ಕೆ ಬಿಟ್ಟೆ. ಎರಡನೆಯ ಸಲ ನಿರ್ಧಾರದ ವಾಕ್ಯವನ್ನೇ ಬದಲಿಸಿದೆ: 'ಅಮ್ಮನಿಗೆ ರಾತ್ರಿಯ ಮಾತ್ರೆ ಕೊಟ್ಟು ನೀರಿನ ಲೋಟ ತೊಳೆದು ಕವುಚಿಟ್ಟ ಕೂಡಲೇ ಕಿಟಕಿಯ ಪಕ್ಕದ ಮೇಜಿಗೆ ಕುಳಿತು ಒಂದು ಲೆಕ್ಕ ಬಿಡಿಸುತ್ತೇನೆ.' ಯಾವಾಗ, ಎಲ್ಲಿ, ಏನು ಎಂಬುದನ್ನು ಹೀಗೆ ಮೊದಲೇ ಗಂಟುಹಾಕಿಡುವ ವಿಧಾನದ ಬಗ್ಗೆ ಪೀಟರ್ ಗೊಲ್‌ವಿಟ್ಸರ್ ಎಂಬ ಮನೋವಿಜ್ಞಾನಿ ಬಹಳ ಕೆಲಸ ಮಾಡಿದ್ದಾರೆ. ಅವರು ಮತ್ತು ಪಾಸ್ಕಲ್ ಶೀರನ್ 2006ರಲ್ಲಿ 94 ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರಿಯ ಸಂಕಲ್ಪಕ್ಕಿಂತ ಇಂಥ ಯೋಜನೆ ಇದ್ದವರು ಗುರಿ ಮುಟ್ಟುವುದು ಸ್ಪಷ್ಟವಾಗಿ ಹೆಚ್ಚು ಎಂದು ಕಂಡಿತ್ತು. ನನ್ನ ಮಟ್ಟಿಗೆ, ಆ ಲೋಟ ಕವುಚುವ ಸದ್ದೇ ಈಗ ಶಾಲೆಯ ಗಂಟೆ.

ನಿಮ್ಮ ಮೂರು ದಿನಚರಿಗಳ ಬಗ್ಗೆ ಓದಿದಾಗ ಇನ್ನೊಂದು ವಿಷಯ ಹೇಳಬೇಕೆನ್ನಿಸಿತು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರು ಹೊಸ ಅಭ್ಯಾಸವೊಂದನ್ನು ರೂಢಿಸಿಕೊಳ್ಳುವುದನ್ನು 84 ದಿನ ಗಮನಿಸಿದರು. ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ ಬರಲು ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾಗಿತ್ತು. ಕೆಲವರಿಗೆ 18 ಸಾಕಾದರೆ, ನಿಧಾನದವರಿಗೆ 254 ದಿನಗಳವರೆಗೆ ಬೇಕಾಗಬಹುದೆಂದು ಅವರ ಅಂದಾಜು. ಅಂದರೆ ನೀವು ಹತ್ತನೆಯ ದಿನ 'ನನ್ನಿಂದಾಗದು' ಎಂದು ತೀರ್ಪು ಕೊಟ್ಟದ್ದು ವಿಚಾರಣೆ ಶುರುವಾಗುವ ಮೊದಲೇ. ನಡುವೆ ಒಂದು ದಿನ ತಪ್ಪಿದ್ದರಿಂದ ಒಟ್ಟು ಪರಿಣಾಮಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ. ನನಗಂತೂ ಅಮ್ಮನ ಜ್ವರದ ದಿನಗಳಲ್ಲಿ ವಾರಗಟ್ಟಲೆ ತಪ್ಪಿದೆ. ತಪ್ಪಿದ ದಿನ ಪುಸ್ತಕದಲ್ಲಿ ಒಂದು ಅಡ್ಡಗೆರೆ ಎಳೆದು ಕೆಳಗಿನಿಂದ ಮುಂದುವರಿಸುತ್ತೇನೆ, ಹೊಸ ಪುಸ್ತಕ ತೆಗೆದುಕೊಳ್ಳುವುದಿಲ್ಲ. ನಿಮ್ಮ ಕಪಾಟಿನ ಮೂರು ಪುಸ್ತಕಗಳಲ್ಲಿ ಒಂದರ ಐದನೆಯ ಪುಟ ಇನ್ನೂ ಖಾಲಿಯಿದೆಯಲ್ಲವೇ?

ಉತ್ತರ 6

ಎಲ್ಲರೂ ಮಾಡಬೇಕಾದ್ದನ್ನು ಬರೆದಿದ್ದಾರೆ, ನಾನು ಬಿಟ್ಟ ಒಂದನ್ನು ಬರೆಯುತ್ತೇನೆ. ಬದಲಾದ ನನ್ನನ್ನು ಕಲ್ಪಿಸಿಕೊಳ್ಳುವುದನ್ನು ಬಿಟ್ಟೆ. ಸಿತಾರ್ ಕಲಿಯಬೇಕೆಂದಿದ್ದ ನಾನು ಮಲಗುವ ಮುನ್ನ ದಿನವೂ ವೇದಿಕೆ, ಬೆಳಕು, ನಿಶ್ಶಬ್ದ ಸಭೆ ಎಲ್ಲವನ್ನೂ ಕಣ್ಣಿಗೆ ಕಟ್ಟಿಕೊಂಡು, ತಂತಿಯನ್ನೇ ಮುಟ್ಟದೆ, ಸುಖವಾಗಿ ನಿದ್ರಿಸುತ್ತಿದ್ದೆ. ಗೇಬ್ರಿಯೆಲ್ ಊಟಿಂಗನ್ ಮತ್ತು ಥಾಮಸ್ ವಾಡನ್ 1991ರಲ್ಲಿ, ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ್ದ 25 ಮಹಿಳೆಯರ ಬಗ್ಗೆ ಪ್ರಕಟಿಸಿದ ಅಧ್ಯಯನ ಓದಿ ನನಗೆ ನಾಚಿಕೆಯಾಯಿತು: ಯಶಸ್ಸು ಸಿಗುತ್ತದೆಂದು ನಿರೀಕ್ಷಿಸಿದವರು ಹೆಚ್ಚು ತೂಕ ಇಳಿಸಿಕೊಂಡಿದ್ದರು, ಆದರೆ ಯಶಸ್ಸಿನ ಸುಂದರ ಕನಸುಗಳಲ್ಲಿ ಮುಳುಗಿದವರು ಕಡಿಮೆ ಇಳಿಸಿಕೊಂಡಿದ್ದರು. ಈಗ ಕನಸು ಬಂದಾಗ, ಇದಕ್ಕೆ ಇಂದು ರಾತ್ರಿ ಅಡ್ಡಬರುವುದೇನು ಎಂದು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹೆಚ್ಚಿನ ಸಲ ಉತ್ತರ ನಾಚಿಕೆಗೇಡಿನಷ್ಟು ಸಣ್ಣದು. ಸಿತಾರ್ ಅಟ್ಟದ ಮೇಲಿದೆ, ಏಣಿ ತರಬೇಕು. ಸಿತಾರ್ ಈಗ ಹಾಸಿಗೆಯ ಪಕ್ಕದ ಮೂಲೆಯಲ್ಲಿದೆ. ನಾನು ಕೆಟ್ಟದಾಗಿ ನುಡಿಸುತ್ತೇನೆ, ಆದರೆ ನುಡಿಸುತ್ತೇನೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಬರೆದ ಎಲ್ಲರಿಗೂ ಕೃತಜ್ಞತೆಗಳು. ಮೊದಲು ರಕ್ತಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಸರಿಯಿದೆ, ಬಿ12 ಕಡಿಮೆಯಿದೆ, ವೈದ್ಯರು ಔಷಧ ಕೊಟ್ಟಿದ್ದಾರೆ. ಇದೇ ಕಾರಣವೆಂದು ಅವರು ಹೇಳಲಿಲ್ಲ, ಇದೂ ಒಂದಿರಬಹುದು ಎಂದರು.

ಮೂರು ಚುಕ್ಕೆಗಳ ಹಾಳೆಯನ್ನು ಒಂದು ವಾರ ತುಂಬಿಸಿದೆ. ಎರಡು ದಿನ ಮರೆತೆ, ಅಡ್ಡಗೆರೆ ಎಳೆದು ಮುಂದುವರಿಸಿದೆ. ಜನರ ಸಾಲಿನಲ್ಲಿ ನನಗೆ ಕೊರತೆಯಿಲ್ಲ, ಮನೆಯವರಿದ್ದಾರೆ. ಆದರೆ ಕೈ ಪಳಗುವ ಸಾಲು ಸೋಮವಾರದಿಂದ ಶನಿವಾರದವರೆಗೆ ಹೆಚ್ಚುಕಡಿಮೆ ಬೋಳಾಗಿತ್ತು. ಅಚ್ಚರಿಯೆಂದರೆ ಬುಧವಾರ ಮಧ್ಯಾಹ್ನ ಮಾತ್ರ ಮೂರೂ ಚುಕ್ಕೆಗಳಿದ್ದವು. ಅಂದು ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಒಂದು ಅರ್ಜಿಯಲ್ಲಿ ಆಸ್ಪತ್ರೆಯ ದಿನಾಂಕವೂ ಔಷಧದ ರಸೀದಿಯ ದಿನಾಂಕವೂ ಹೊಂದಿಕೆಯಾಗದಿರುವುದನ್ನು ಹೇಗೆ ಪತ್ತೆಹಚ್ಚುವುದು, ಪತ್ತೆಯಾದ ಮೇಲೂ ಅರ್ಜಿದಾರರು ಮೋಸ ಮಾಡಿದ್ದಾರೆಂದು ಯಾಕೆ ತಕ್ಷಣ ತೀರ್ಮಾನಿಸಬಾರದು ಎಂದು ವಿವರಿಸುತ್ತಿದ್ದೆ. ಮುಕ್ಕಾಲು ಗಂಟೆ ಹೋದದ್ದು ತಿಳಿಯಲಿಲ್ಲ. ಹದಿನಾಲ್ಕು ವರ್ಷದಲ್ಲಿ ನನಗೆ ಇಷ್ಟು ವಿಷಯ ಗೊತ್ತಾಗಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹೊಸಬರ ತರಬೇತಿಯನ್ನು ವಾರಕ್ಕೆ ಒಂದು ದಿನ ನನಗೆ ವಹಿಸಬಹುದೇ ಎಂದು ಮೇಲಧಿಕಾರಿಗಳಿಗೆ ಪತ್ರ ಬರೆದಿದ್ದೇನೆ. 'ನೋಡೋಣ' ಎಂದಿದ್ದಾರೆ. ಆಗದಿದ್ದರೆ ನಾಲ್ಕನೆಯ ಉತ್ತರದವರಂತೆ ರಜೆಯ ದಿನಗಳಲ್ಲಿ ಎಲ್ಲಿಯಾದರೂ ಕಲಿಸಿ ನೋಡುವ ಯೋಚನೆಯಿದೆ.

ಸಂಜೆಯ ಸೋಫಾ ಮಾತ್ರ ಬಗ್ಗುತ್ತಿಲ್ಲ. ಬಟ್ಟೆ ಬದಲಿಸಿದ ಕೂಡಲೇ ಮೇಜಿಗೆ ಹೋಗುತ್ತೇನೆ ಎಂದು ಗಂಟುಹಾಕಿದೆ, ಆದರೆ ಬಟ್ಟೆ ಬದಲಿಸುವುದಕ್ಕೆ ಮೊದಲೇ ಫೋನ್ ಕೈಯಲ್ಲಿರುತ್ತದೆ. ಐದನೆಯ ಉತ್ತರ ಬರೆದವರಿಗೆ ಒಂದು ಪ್ರಶ್ನೆ: ಆ ನಲವತ್ತು ನಿಮಿಷ ನಿಮ್ಮ ಫೋನ್ ಎಲ್ಲಿರುತ್ತದೆ?

ಉತ್ತರ 5 ಬರೆದವರಿಂದ

ಅಮ್ಮನ ದಿಂಬಿನ ಪಕ್ಕದಲ್ಲಿ. ರಾತ್ರಿ ಅವರಿಗೆ ಹಳೆಯ ಹಾಡುಗಳು ಬೇಕು, ನಾನು ಹಚ್ಚಿಕೊಟ್ಟು ಬರುತ್ತೇನೆ. ನಡುವೆ ಅದನ್ನು ತೆಗೆದುಕೊಳ್ಳಬೇಕಾದರೆ ಅವರ ಹಾಡನ್ನು ನಿಲ್ಲಿಸಬೇಕಾಗುತ್ತದೆ, ಅದಕ್ಕೆ ನನಗೆ ಮನಸ್ಸು ಬರುವುದಿಲ್ಲ. ನಿಮ್ಮ ವಿಷಯದಲ್ಲಿ ಗಂಟನ್ನು ಇನ್ನೂ ಹಿಂದಕ್ಕೆ, ಮನೆಯ ಬಾಗಿಲಿಗೇ ಹಾಕಿ ನೋಡಿ. ಚಪ್ಪಲಿ ಬಿಡುವ ಜಾಗದಲ್ಲೇ ಚಾರ್ಜರ್ ಇಡಿ.